ಬೇಬಿ ಮಾಧವಿಯ ಒಪ್ಪತ್ತು

ಬಾಳಕ್ಕನಿಗೆ ಜೀವಮಾನದಲ್ಲಿ ಮೊದಲ ಸಲ ಕುರ್ಚಿ ಹಾಕಿ ಕೂರಿಸಿದವರು ಸಿನಿಮಾದವರು. ಗಡಹಿಂಗ್ಲಜದ ಅತ್ತೆಮನೆಯಲ್ಲಿ ಕುರ್ಚಿ ಇರಲಿಲ್ಲವೆಂದಲ್ಲ. ಒಂದಿತ್ತು. ಅದು ಗಂಡ ಪರಪ್ಪನದು. ಅವನು ಮೆಣಸಿನಕಾಯಿ ಅಂಗಡಿಗೆ ಹೋದಾಗ ಅವನ ಮಡಚಿಟ್ಟ ಧೋತರದ್ದು. ಮದುವೆಯಾಗಿ ಒಂಬತ್ತು ವರ್ಷ ಬಾಳಕ್ಕ ನೆಲದ ಮೇಲೆ ಕೂತು ರೊಟ್ಟಿ ಬಡಿದಳು, ಎಲ್ಲರದೂ ಆದಮೇಲೆ ನೆಲದ ಮೇಲೆ ಕೂತು ಉಂಡಳು, ಅತ್ತೆ ಗುರುಸಿದ್ದವ್ವ ಕೂಗಿದಾಗಲೆಲ್ಲ ನೆಲದಿಂದ ಎದ್ದು ಓಡಿದಳು. ಅಂಥವಳಿಗೆ, 1963ರ ಶಿವರಾತ್ರಿ ಕಳೆದ ವಾರ, ಕೊಲ್ಹಾಪುರದ ಸ್ಟುಡಿಯೋದಲ್ಲಿ ಬೂಟು ಹಾಕಿದ ಮನುಷ್ಯನೊಬ್ಬ ಬೆತ್ತದ ಕುರ್ಚಿ ತಂದಿಟ್ಟು, "ಬಸಾ ವಹಿನೀ, ತುಮ್ಹೀ ಬೇಬೀಚ್ಯಾ ಆಯಿ ನಾ?" ಎಂದ. ಕೂತುಕೊಳ್ಳಿ ಅತ್ತಿಗೆ, ನೀವು ಬೇಬಿಯ ತಾಯಿಯಲ್ಲವೇ? ಬಾಳಕ್ಕ ಹಿಂದೆ ಮುಂದೆ ನೋಡಿದಳು. ಅಯ್ಯ, ತನಗೇ ಅಂದದ್ದು! ಸೆರಗು ಸರಿಮಾಡಿಕೊಂಡು ಕೂತಳು. ಮುಂದೆ ಇಪ್ಪತ್ತು ದಿನ ಅವಳು ಆ ಕುರ್ಚಿ ಬಿಟ್ಟು ಎದ್ದದ್ದು ಕಡಿಮೆ.

ಬೇಬಿ ಎಂದರೆ ಅವಳ ಆರು ವರ್ಷದ ಮಗಳು ಮಹಾದೇವಿ, ಮನೆಮಂದಿಯ ಬಾಯಲ್ಲಿ ಮಾದೂ. ಮೈದುನ ಸಿದ್ದರಾಯ ಆ ಸ್ಟುಡಿಯೋದಲ್ಲಿ ಬಟ್ಟೆ ಹೊಲಿಯುವ ದರ್ಜಿ. ಶಿವರಾತ್ರಿಗೆ ಅವನ ಮನೆಗೆ ಹೋಗಿದ್ದಾಗ, ಅವನ ಊಟದ ಡಬ್ಬಿ ಹಿಡಿದು ಬಂದ ಹುಡುಗಿ ಯಾವುದಕ್ಕೋ ಕಿಲಕಿಲ ನಕ್ಕಳು, ಎರಡೂ ಕೆನ್ನೆಯಲ್ಲಿ ಗುಳಿ ಬಿತ್ತು, ಡೈರೆಕ್ಟರು ತಿರುಗಿ ನೋಡಿದ. ಅಷ್ಟೇ ನಡೆದದ್ದು. ಜಗಳವಾಡಿ ಬೇರೆಯಾದ ಅಣ್ಣತಮ್ಮಂದಿರ ಮನೆಗಳ ನಡುವೆ ಓಡಾಡಿ ಅವರನ್ನು ಒಂದು ಮಾಡುವ ಕೂಸಿನ ಪಾತ್ರ ಮಾದೂಗೆ ಸಿಕ್ಕಿತು. ಹೆಸರು 'ಬೇಬಿ ಮಾಧವಿ' ಎಂದಾಯಿತು. ಓಣಿಯಲ್ಲಿ ಆಡಿ ಕಲಿತ ಮರಾಠಿಯಲ್ಲಿ ಹುಡುಗಿ ಪಟಪಟನೆ ಮಾತು ಒಪ್ಪಿಸುತ್ತಿತ್ತು; ನಗು ಎಂದರೆ ನಕ್ಕಿತು, ಅಳು ಎಂದರೆ ಅತ್ತಿತು. ಬೆಳಕು ಹಿಡಿಯುವವರು, ಸಾಮಾನು ಹೊರುವವರು ಕೂಡ ಕೆಲಸ ಬಿಟ್ಟು ನೋಡುತ್ತಿದ್ದರು.

ಅರ್ಧ ಸಿನಿಮಾ ಆಗುವಷ್ಟರಲ್ಲಿ ಕಚ್ಚಾ ಫಿಲ್ಮು ಮುಗಿಯಿತು. ಹೊರದೇಶದಿಂದ ಬರಬೇಕು, ಪರವಾನಗಿ ಸಿಗಬೇಕು, ದೀಪಾವಳಿ ಹತ್ತಿರ ಮತ್ತೆ ಶುರು ಎಂದರು. ಹೊರಡುವಾಗ ಡೈರೆಕ್ಟರು ಮಾದೂನ ಕೆನ್ನೆ ಹಿಂಡಿ, "ಅಲ್ಲೀವರೆಗೆ ದೊಡ್ಡಾಕಿ ಆಗಬ್ಯಾಡ ನೋಡು ಮತ್ತ!" ಎಂದು ಮರಾಠಿಯಲ್ಲಿ ನಗಾಡಿದ. ಎಲ್ಲರೂ ನಕ್ಕರು. ಬಾಳಕ್ಕನೂ ನಕ್ಕಳು.

ನಗದೆ ಇದ್ದವನು ಸಿದ್ದರಾಯ ಒಬ್ಬನೇ. ಯುಗಾದಿಗೆ ಊರಿಗೆ ಬಂದವನು ಕಾಗದದಲ್ಲಿ ಸುತ್ತಿದ ಗಂಟೊಂದನ್ನು ತಾಯಿಯ ಮುಂದೆ ಬಿಚ್ಚಿದ. ಬಿಳಿ ಝಾಲರಿನ ಫ್ರಾಕು. ಮಾದೂ ಸಿನಿಮಾದಲ್ಲಿ ತೊಟ್ಟದ್ದು.

"ಅವ್ವಾ, ಇಂಥಾ ಅರಿವಿ ಮುಂಬೈದಾಗೂ ಇನ್ನೊಂದು ಸಿಗಲಿಲ್ಲ. ಮುಂದಿನ ಸೀನಿಗೂ ಇದ ಬೇಕು. ಈಗ ಮೈಗೆ ಬರೋಬರಿ ಐತಿ. ದೀಪಾವಳಿ ತನಕಾ ಹುಡುಗಿ ಬೆಳದು ನಿಂತರ ಏನ್ ಮಾಡೂದು?"

"ಬೆಳಿಯೂ ಕೂಸಿನ ತಲೀ ಮ್ಯಾಲ ಒಳ್ಳಕಲ್ಲು ಹೇರೂನೇನು?" ಎಂದಳು ಗುರುಸಿದ್ದವ್ವ.

"ನಗಬ್ಯಾಡ. ಪುಣೆದಾಗ ಇನ್ನೊಂದು ಹುಡುಗಿ ನೋಡಿ ಇಟ್ಟಾರ. ನಮ್ಮದು ಬೆಳದು ಉದ್ದ ಆತಂದ್ರ ಆಕೀನ್ನ ಕರಸ್ತಾರ, ಮೊದಲಿಂದ ತಗೀತಾರ. ನನ್ನ ನೌಕರೀನೂ ಹೋದಂಗ. ಉಣ್ಣೂದು ಒಂದೀಟು ಕೈ ಹಿಡಿದು ನೀಡ್ರಿ."

ಪರಪ್ಪ ರೊಟ್ಟಿ ಮುರಿಯುತ್ತ ತಲೆಯೆತ್ತಿದ. "ಕೂಸಿಗೆ ಉಪಾಸ ಕೆಡವತೀರೇನು? ಬ್ಯಾಡ್ರಿ, ಚಂದ ಕಾಣಾಂಗಿಲ್ಲ." ಪರಪ್ಪ ಒಳ್ಳೆಯವನು. ಆದರೆ ಒಳ್ಳೆಯತನವನ್ನೆಲ್ಲ ಗಿರಾಕಿಗಳ ಮೇಲೆ ಖರ್ಚು ಮಾಡಿ ಮನೆಗೆ ಬರಿಗೈಯಲ್ಲಿ ಬರುವವನು. ಅಷ್ಟಂದು ಕೈತೊಳೆದು ಅಂಗಡಿಗೆ ಹೋದ.

ಉಪಾಯ ಹೊಳೆದದ್ದು ಗುರುಸಿದ್ದವ್ವನಿಗೆ. "ಸೋಮವಾರ ಒಪ್ಪತ್ತು ಹಿಡಸೂನು. ದೇವರ ಹೆಸರಿಲೆ ಒಂದ ಹೊತ್ತು ಉಂಡ್ರ ಅದಕ್ಕ ಉಪಾಸ ಅಂತ ಯಾರೂ ಅನ್ನಾಂಗಿಲ್ಲ. ಪುಣ್ಯಾನೂ ಬರತೈತಿ, ಮೈಯೂ ಹಿಡಿತದಾಗ ಇರತೈತಿ."

"ನೀವು ಹೇಳಿದಂಗ ಅತ್ತಿ," ಎಂದಳು ಬಾಳಕ್ಕ.

ಹಾಗೆ ಶುರುವಾಯಿತು. ಸೋಮವಾರ ಬೆಳಿಗ್ಗೆ ಪೂಜೆ, ಹಣೆಗೆ ವಿಭೂತಿ, ಆಮೇಲೆ ಮಾದೂಗೆ ಫ್ರಾಕು ತೊಡಿಸಿ ಬೆನ್ನಿನ ಹುಕ್ಕು ಹಾಕಿ ನೋಡುವುದು. ಮಧ್ಯಾಹ್ನ ಒಂದು ರೊಟ್ಟಿ, ಒಂದು ಸೌಟು ಬೇಳೆ. ಸಂಜೆ ನೀರು. ಮೊದಮೊದಲು ಮಾದೂಗೂ ಹುರುಪು. ಆಚೆಮನೆಯ ಮಾಯವ್ವ ಬಂದು, "ಎಳೀ ಕೂಸು ಒಪ್ಪತ್ತು ಹಿಡದೈತ್ರಿ! ನಮ್ಮವು ಅದಾವ ನೋಡ್ರಿ, ಹೊತ್ತು ಮೂಡಿದ್ರ ಹೊಟ್ಟಿ ಹೊಟ್ಟಿ ಅಂತಾವ," ಎಂದು ಹುಡುಗಿಯ ತಲೆ ನೇವರಿಸಿ ಹೋದಳು. ಓಣಿಯ ಹೆಂಗಸರು ತಮ್ಮ ಮಕ್ಕಳಿಗೆ ಮಾದೂನ ತೋರಿಸಿ ಬೈದರು. ಬಾಳಕ್ಕನಿಗೆ ಮತ್ತೊಂದು ಕುರ್ಚಿ ಸಿಕ್ಕಂತಾಯಿತು.

ವೈಶಾಖದಲ್ಲಿ ಹುಕ್ಕು ಸ್ವಲ್ಪ ಬಿಗಿಯಾಯಿತು. ಗುರುವಾರವೂ ಒಪ್ಪತ್ತು ಬಂತು. ಜೂನಿನಲ್ಲಿ ಮಿರಗದ ಮಳೆ ಬಿದ್ದಾಗ ಶನಿವಾರ ಸೇರಿತು. ಯಾವ ದೇವರದೆಂದು ಯಾರೂ ಕೇಳಲಿಲ್ಲ. ಮನೆಯಲ್ಲಿ ದೇವರಿಗೇನು ಬರವೇ? ಉಳಿದ ದಿನ ಕೂಡ ತಾಟಿಗೆ ಬೀಳುವುದು ಅರ್ಧ. ಗುರುಸಿದ್ದವ್ವನ ಮನೆಯಲ್ಲಿ ನೀಡಿದ್ದು ಪ್ರಸಾದ: ಬಿಡುವಂತಿಲ್ಲ, ಮತ್ತೆ ಬೇಡುವಂತಿಲ್ಲ. ಮಾದೂ ಉಂಡು, ತಾಟು ತೊಳೆದು, ಆ ನೀರು ಕುಡಿದು, ಪಕ್ಕದಲ್ಲಿ ಕೂತ ತಮ್ಮನ ತಾಟು ನೋಡುತ್ತಿದ್ದಳು.

ತಮ್ಮ ಕಾಡಸಿದ್ದನಿಗೆ ಐದು ತುಂಬುತ್ತಿತ್ತು. ಗಂಡುಕೂಸು. ಅವನ ಹಾಲಿಗೆ ಕೆನೆ, ಅವನ ರೊಟ್ಟಿಗೆ ಬೆಣ್ಣೆ, ಅವನ ಅನ್ನಕ್ಕೆ ಮೇಲೊಂದು ಚಮಚ ತುಪ್ಪ. ಮನೆದೇವರಿಗೆ ಹರಕೆ ಹೊತ್ತು ಜವಳ ತೆಗೆಸದೆ ಬಿಟ್ಟದ್ದರಿಂದ ಕೂದಲು ಭುಜದವರೆಗೆ ಗುಂಗುರು. ಬಿಡುವಿದ್ದಾಗ ಗುರುಸಿದ್ದವ್ವ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ತುತ್ತು ಕೊಡುತ್ತಿದ್ದಳು. ಅವನು ಸಾಕೆಂದು ಬಾಯಿ ಮುಚ್ಚಿದರೆ, "ಗುಬ್ಬಿದೊಂದು, ಕಾಗಿದೊಂದು" ಎಂದು ಮತ್ತೆರಡು ತುರುಕುತ್ತಿದ್ದಳು.

ಶ್ರಾವಣ ಬಂತು. ಇಡೀ ತಿಂಗಳು ಒಪ್ಪತ್ತು ಎಂದು ಬಾಳಕ್ಕ ತಾನೇ ಹೇಳಿದಳು. ಅತ್ತೆ ಹೇಳಿರಲಿಲ್ಲ.

ಎರಡನೇ ವಾರದಲ್ಲಿ ಒಂದು ದಿನ ಗುರುಸಿದ್ದವ್ವ ಎಮ್ಮೆ ಹಿಂಡಲು ಕೊಟ್ಟಿಗೆಗೆ ಹೋದಳು. ಎಮ್ಮೆ ಮುಖ ತಿರುಗಿಸಿ ನಿಂತಿತ್ತು. ಅದರ ಬೋಗುಣಿಯ ಮುಂದೆ ಮಾದೂ ಕುಕ್ಕರುಗಾಲಲ್ಲಿ ಕೂತು, ನೆನೆಹಾಕಿದ್ದ ಶೇಂಗಾ ಹಿಂಡಿಯನ್ನು ಎರಡೂ ಕೈಯಿಂದ ಬಾಯಿಗೆ ತುಂಬಿಕೊಳ್ಳುತ್ತಿದ್ದಳು. ಗದ್ದದಿಂದ ಬೂದು ನೀರು ಇಳಿಯುತ್ತಿತ್ತು. ಮುದುಕಿಯ ಕೈಯಲ್ಲಿದ್ದ ಚರಿಗೆ ಕೆಳಗೆ ಬಿತ್ತು.

"ಅಜ್ಜೀ, ಹೊಡೀಬ್ಯಾಡ. ಎಮ್ಮಿಗೆ ಇನ್ನೂ ಉಳಿಸೇನಿ," ಎಂದಳು ಮಾದೂ.

ಗುರುಸಿದ್ದವ್ವ ಒಳಗೆ ಬಂದವಳೇ ಒಲೆಯ ಮುಂದೆ ಕೂತ ಸೊಸೆಯ ಮೇಲೆ ಹರಿಹಾಯ್ದಳು. "ಸಾಕ ಮಾಡ! ಕೂಸು ದನಾ ತಿನ್ನೂದು ತಿನ್ನಾಕತ್ತೈತಿ. ಹೊಟ್ಟಿ ತುಂಬ ನೀಡು ಆಕಿಗೆ. ಸಿನಿಮಾ ಹಾಳಾಗಿ ಹೋಗಲಿ."

ಬಾಳಕ್ಕ ರೊಟ್ಟಿ ತಿರುವಿದಳು. ಒಂಬತ್ತು ವರ್ಷದಲ್ಲಿ ಅತ್ತೆಗೆ ಎದುರಾಡದವಳು, ತಲೆ ಎತ್ತದೆಯೇ ಹೇಳಿದಳು: "ಒಪ್ಪತ್ತು ಹಿಡಿಸಿದವರು ನೀವ."

"ಹಿಡಿಸಿದ್ದೆ. ನಾನ ಬಿಡಸ್ತೇನಿ."

"ಈಗ ಬಿಟ್ರ ಇಷ್ಟ ದಿವಸ ಮಾಡಿದ್ದೆಲ್ಲಾ ನೀರಾಗ ಹೋತು. ಇನ್ನ ಎರಡ ತಿಂಗಳು. ನಿಮಗೇನ್ರಿ? ನಿಮ್ಮನ್ನ ಎಲ್ಲಾರೂ ಎದ್ದು ನಿಂತು ಮಾತಾಡಸ್ತಾರ. ನನ್ನ ಯಾರು ಕೇಳತಾರ ಈ ಮನ್ಯಾಗ?"

"ಅದಕ್ಕ ಹೆತ್ತ ಕೂಸಿನ ಹೊಟ್ಟಿ ಸುಡತೀಯೇನ?"

"ಆಕಿ ಚಲೋದಕ್ಕ ಮಾಡಾಕತ್ತೇನಿ. ನೀವು ನಡುವ ಬರಬ್ಯಾಡ್ರಿ."

ಹೇಳಿ ಬಾಳಕ್ಕನಿಗೇ ಆಶ್ಚರ್ಯವಾಯಿತು. ಹೇಳಬೇಕೇ, ಹಿತವೂ ಆಯಿತು.

ಆದರೆ ಮುದುಕಿ ಸುಮ್ಮನಿರಲಿಲ್ಲ. ಹದಿನೈದು ದಿನ ಮಾದೂನ ಮೈಗೆ ಸ್ವಲ್ಪ ಗೆಲುವು ಬಂತು. ಒಂದು ಸೋಮವಾರ ಹುಕ್ಕು ಹಾಕಲು ಹೋದರೆ ಒಂದು ಬೆರಳಿನಷ್ಟು ಅಂತರ ಉಳಿಯಿತು. ಬಾಳಕ್ಕ ಮಗಳ ಮುಖ ತನ್ನ ಕಡೆ ತಿರುಗಿಸಿದಳು.

"ಏನ್ ತಿಂದಿ?"

"ಏನಿಲ್ಲ."

"ಏನ್ ತಿಂದಿ ಅಂದೆ!"

ಮಾದೂ ಬಾಯಿ ಬಿಗಿಹಿಡಿದಳು. ಅಷ್ಟರಲ್ಲೇ ಗೊತ್ತಾಯಿತು, ಒಂದು ದವಡೆ ಉಬ್ಬಿತ್ತು. ಬಾಳಕ್ಕ ಕೆನ್ನೆ ಅದುಮಿ, ಎರಡು ಬೆರಳು ಬಾಯಿಗೆ ಹಾಕಿ, ಅರ್ಧ ಅಗಿದ ಬೆಲ್ಲರೊಟ್ಟಿಯನ್ನು ತೋಡಿ ತೆಗೆದಳು. ಮಾದೂ ಕಚ್ಚಲಿಲ್ಲ, ಕೂಗಲಿಲ್ಲ. ತಾಯಿಯ ಬೆರಳಿಗೆ ಅಂಟಿದ ಬೆಲ್ಲವನ್ನು ನೆಕ್ಕಲು ನಾಲಗೆ ಚಾಚಿದಳು. ಬಾಳಕ್ಕ ಕಪಾಳಕ್ಕೆ ಹೊಡೆದಳು. ಬಾಗಿಲಲ್ಲಿ ನಿಂತಿದ್ದ ಗುರುಸಿದ್ದವ್ವ ಅದನ್ನೆಲ್ಲ ನೋಡಿ, ಗೋಡೆ ಹಿಡಿದು ಮೆಲ್ಲಗೆ ಹಿತ್ತಲಿಗೆ ಹೋದಳು. ಅಂದಿನಿಂದ ಅಡುಗೆಮನೆಯ ಕೀಲಿ ಬಾಳಕ್ಕನ ಸೊಂಟಕ್ಕೆ ಬಂತು. ಪರಪ್ಪ ಅದನ್ನು ಕಂಡ. ಕಂಡು, "ಇವತ್ತ ಪೇಟ್ಯಾಗ ಭಾಳ ಗದ್ದಲ ನೋಡು," ಎಂದ.

ದಸರೆ ಮುಗಿದ ಮೇಲೆ ಸಿದ್ದರಾಯನ ಕಾಗದ ಬಂತು. ಎಲ್ಲರೂ ಬಸ್ಸು ಹತ್ತಿ ಕೊಲ್ಹಾಪುರಕ್ಕೆ ಹೋದರು. ಗುರುಸಿದ್ದವ್ವ ಮಾತ್ರ ಬರಲಿಲ್ಲ. ಮನೆಯಲ್ಲಿ ಬಿಟ್ಟರೆ ಹಟ ಹಿಡಿಯುತ್ತಾನೆಂದು ಕಾಡಸಿದ್ದನನ್ನೂ ಕರೆದೊಯ್ದರು.

ಬೆತ್ತದ ಕುರ್ಚಿ ಬಂತು. ಬಾಳಕ್ಕ ಕೂತಳು. ಸಿದ್ದರಾಯ ಪರದೆಯ ಹಿಂದೆ ಮಾದೂಗೆ ಫ್ರಾಕು ತೊಡಿಸಿ ಕರೆತಂದ. ಎಷ್ಟು ಸರಿಯಾಗಿ ಕೂತಿತ್ತು! ಭುಜ ಸರಿ, ಸೊಂಟ ಸರಿ, ಮಂಡಿಯ ಮೇಲೆ ಅಷ್ಟೇ ಝಾಲರು. ಬಾಳಕ್ಕನ ಎದೆ ಉಬ್ಬಿತು. "ಒಂದು ಹೊಲಿಗಿ ಬಿಚ್ಚಲಿಲ್ಲ ವೈನಿ," ಎಂದ ಸಿದ್ದರಾಯ.

ಡೈರೆಕ್ಟರು ಬಂದ. ಮಾದೂನ ನೋಡಿದ. ಮತ್ತೆ ಅವಳ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿದ.

"ಕಾಯಿಲೆ ಬಿದ್ದಿದ್ದಳೇ?" ಎಂದು ಮರಾಠಿಯಲ್ಲಿ ಕೇಳಿದ.

"ಇಲ್ರಿ ಸಾಹೇಬ್ರ. ಬೇಕಂತನ ಹಂಗ ಇಟ್ಟೇವ್ರಿ. ನೀವ ಹೇಳಿದ್ರಲ್ಲಾ, ದೊಡ್ಡಾಕಿ ಆಗಬಾರದು ಅಂತ," ಎಂದಳು ಬಾಳಕ್ಕ. ಸಿದ್ದರಾಯ ಅದನ್ನು ಮರಾಠಿಗೆ ತಿರುಗಿಸಬೇಕಿತ್ತು. ತಿರುಗಿಸಲಿಲ್ಲ.

"ನಗು, ಬೇಬಿ."

ಮಾದೂ ನಕ್ಕಳು. ಹೇಳಿದ ತಕ್ಷಣ, ಹೇಳಿದಷ್ಟು. ತುಟಿ ಸರಿಯಿತು, ಹಲ್ಲು ಕಂಡವು, ಕೆನ್ನೆಯ ಚರ್ಮ ಎಲುಬಿನ ಮೇಲೆ ಎಳೆದುಕೊಂಡಿತು. ಗುಳಿ ಬೀಳಲು ಅಲ್ಲಿ ಏನು ಉಳಿದಿತ್ತು? ಹಿಂದಿನ ಸಲ ಕೆಲಸ ಬಿಟ್ಟು ನೋಡುತ್ತಿದ್ದವರು ಈಗ ಕೆಲಸಕ್ಕೆ ತಿರುಗಿಕೊಂಡರು. ಡೈರೆಕ್ಟರು ಮತ್ತೊಮ್ಮೆ ನಗಿಸಿದ. ಮೂರನೆಯ ಸಲ ಕೇಳಲಿಲ್ಲ.

ಆಗ ಕಾಡಸಿದ್ದ ದೀಪದ ತಂತಿಗೆ ಕಾಲು ತೊಡರಿ ದೊಪ್ಪನೆ ಬಿದ್ದ. ಅಳುತ್ತಾನೆಂದು ಎಲ್ಲರೂ ಓಡಿದರೆ, ಗುಂಗುರು ಕೂದಲು ಹಿಂದಕ್ಕೆ ತಳ್ಳಿ ಕಿಲಕಿಲ ನಕ್ಕ. ತುಂಬಿದ ಎರಡೂ ಕೆನ್ನೆಯಲ್ಲಿ ಗುಳಿ ಬಿತ್ತು. ಡೈರೆಕ್ಟರು ಬಾಳಕ್ಕನ ಕಡೆ ತಿರುಗಿದ.

"ಇವನು?"

"ನನ್ನ ಮಗಾ ರೀ. ಇಕೀ ತಮ್ಮ."

ಹತ್ತು ನಿಮಿಷ ಗುಸುಗುಸು ನಡೆಯಿತು. ಆಮೇಲೆ ಸಿದ್ದರಾಯ ಬಂದು ಮಾದೂನ ಬೆನ್ನಿನ ಹುಕ್ಕು ಬಿಚ್ಚಿದ. ಮಾದೂ ಎರಡೂ ಕೈ ಮೇಲೆತ್ತಿ ನಿಂತಳು, ಪ್ರತಿ ಸೋಮವಾರ ನಿಂತಂತೆ. ಅವಳನ್ನು ಒಳಲಂಗದಲ್ಲಿ ನಿಲ್ಲಿಸಿ, ಅವಳ ಮೈಬಿಸಿ ಆರದ ಅದೇ ಫ್ರಾಕನ್ನು ಕಾಡಸಿದ್ದನಿಗೆ ತೊಡಿಸಿದರು.

"ವಹಿನೀ, ನಡೆದೀತೇ?" ಎಂದ ಡೈರೆಕ್ಟರು. "ಹೆಸರು ಬೇಬಿ ಮಾಧವಿ ಎಂದೇ ಇರಲಿ. ಇಬ್ಬರು ಮಕ್ಕಳೆಂದು ಹೊರಗೆ ಯಾರಿಗೂ ಗೊತ್ತಾಗಬಾರದು, ಅಷ್ಟೇ. ಗೊತ್ತಾದರೆ ಸಿನಿಮಾ ನಗೆಪಾಟಲು."

ಪರಪ್ಪ ಹೆಂಡತಿಯ ಮುಖ ನೋಡಿದ. ಇಲ್ಲವೆನ್ನಲು ಬಾಳಕ್ಕ ಕುರ್ಚಿಯಿಂದ ಏಳಬೇಕಾಗುತ್ತಿತ್ತು. "ಹೂಂ ರಿ, ನಡೀತೈತಿ," ಎಂದಳು.

ಕಾಡಸಿದ್ದನಿಗೆ ಮರಾಠಿ ಮಾತು ಬಾಯಿಗೆ ಬರುತ್ತಿರಲಿಲ್ಲ. ಕಲಿಸಿದವಳು ಮಾದೂ. ಕ್ಯಾಮರಾದ ಕೆಳಗೆ ನೆಲದ ಮೇಲೆ ಕೂತು ಒಂದೊಂದೇ ಮಾತನ್ನು ತುಟಿ ಅಲ್ಲಾಡಿಸಿ ತೋರಿಸುತ್ತಿದ್ದಳು, ಅವನು ಅವಳನ್ನು ನೋಡಿ ಹೇಳುತ್ತಿದ್ದ. ಎಲ್ಲರೂ ಅವನಿಗೆ ಶಾಬಾಸ್ ಎಂದರು.

ಊರಿಗೆ ಬಂದ ಮೇಲೆ ಒಪ್ಪತ್ತು ನಿಂತಿತು. ಆಗ ಬಾಳಕ್ಕ ತುಂಬ ನೀಡಿದಳು, ಮೇಲೆ ತುಪ್ಪ ಹಾಕಿದಳು. ಮಾದೂ ಉಂಡದ್ದನ್ನು ಹಿತ್ತಲಿಗೆ ಹೋಗಿ ಕಕ್ಕಿದಳು. ನಾಲ್ಕು ದಿನ ಹೀಗಾದ ಮೇಲೆ, "ಉಣ್ಣಾಕೂ ನಖರಾ ಮಾಡತಾಳ," ಎಂದು ಬಾಳಕ್ಕ ಕೈಬಿಟ್ಟಳು. ಕಾಡಸಿದ್ದನಿಗೆ ಕಂಪನಿಯಿಂದ ಬೂಟು ಬಂದವು. ಅವನ್ನು ಒರೆಸುವುದು, ಅವನನ್ನು ಬಿಸಿಲಿಗೆ ಬಿಡದೆ ನೋಡಿಕೊಳ್ಳುವುದು, ಅವನ ಹಾಲಿನ ಲೋಟ ಹಿಡಿದು ಹಿಂದೆ ತಿರುಗುವುದು ಮಾದೂನ ಕೆಲಸವಾಯಿತು. ಗುರುಸಿದ್ದವ್ವ ಸಂಕ್ರಾಂತಿಯ ಹೊತ್ತಿಗೆ ಹಾಸಿಗೆ ಹಿಡಿದಳು. ಮೊಮ್ಮಗಳನ್ನು ಹತ್ತಿರ ಕರೆಯುತ್ತಿದ್ದಳು, ಆದರೆ ಕೊಡಲು ಅವಳ ಕೈಯಲ್ಲಿ ಏನೂ ಇರಲಿಲ್ಲ.

ಬೇಸಿಗೆಯಲ್ಲಿ ಸಿನಿಮಾ ತೆರೆಕಂಡಿತು. ಇಚಲಕರಂಜಿಯಲ್ಲಿ ಬಾಳಕ್ಕನ ಅಕ್ಕ ನಾಗೂಬಾಯಿ ಇದ್ದಳು. ಗಂಡನಿಗೆ ಎಂಟು ವಿದ್ಯುತ್ ಮಗ್ಗ, ಮೈತುಂಬ ಬಂಗಾರ. ತಂಗಿಯನ್ನು ಯಾವತ್ತೂ ಎರಡನೇ ಪಂಕ್ತಿಯಲ್ಲಿ ಕೂರಿಸಿದವಳು, ಈ ಸಲ ತಾನಾಗಿ ಆಳು ಕಳಿಸಿ ಕರೆಸಿಕೊಂಡಳು. ಥಿಯೇಟರಿನವರು ಬೇಬಿ ಮಾಧವಿಗೆ ಸತ್ಕಾರ ಇಟ್ಟಿದ್ದರು. ಕಾಡಸಿದ್ದ ಫ್ರಾಕು ತೊಟ್ಟು, ಕಣ್ಣಿಗೆ ಕಾಡಿಗೆ ಹಚ್ಚಿ ಹೆಂಗಸರ ಬೆಂಚುಗಳ ಮೊದಲ ಸಾಲಿನಲ್ಲಿ ಕೂತ. ನಾಗೂಬಾಯಿಗೆ ಗುಟ್ಟು ಗೊತ್ತಿತ್ತು. ಯಾರಿಗೂ ಹೇಳಬಾರದೆಂದು ಬಾಳಕ್ಕ ಆಣೆ ಹಾಕಿಸಿದ್ದಳು. ಮಾದೂ ಬೆಂಚಿನ ತುದಿಯಲ್ಲಿ ತಮ್ಮನ ಚಡ್ಡಿ ಅಂಗಿಯ ಚೀಲ ಹಿಡಿದು ಕೂತಿದ್ದಳು.

ತೆರೆಯ ಮೇಲೆ ಆಗಿನ ಮಾದೂ ಬಂದಳು. ನಕ್ಕಳು. ಇಡೀ ಹೆಂಗಸರ ಸಾಲು "ಅಗಂ ಬಾಯಿ!" ಎಂದಿತು, "ಎಷ್ಟ ಚಂದೈತ್ರಿ ಕೂಸು!" ಎಂದಿತು. ಬಾಳಕ್ಕ ತೆರೆ ನೋಡಲಿಲ್ಲ. ಎಡಕ್ಕೆ ಬಲಕ್ಕೆ ಯಾರು ಯಾರು ಅಳುತ್ತಿದ್ದಾರೆಂದು ನೋಡಿದಳು.

ಮಧ್ಯಂತರದಲ್ಲಿ ಕಾಡಸಿದ್ದನನ್ನು ವೇದಿಕೆ ಹತ್ತಿಸಿ ಹಾರ ಹಾಕಿದರು. ಇಳಿದು ಬಂದಾಗ ಜೈನರ ದೊಡ್ಡ ಮನೆತನದ ಹೀರಾಬಾಯಿ, ನಾಗೂಬಾಯಿಯೇ ಎದ್ದು ಜಾಗ ಕೊಡುವಂಥ ಹೆಂಗಸು, ಅವನನ್ನು ಎತ್ತಿ ತೊಡೆಗೆ ಹಾಕಿಕೊಂಡು ಬಾಳಕ್ಕನ ಪಕ್ಕದಲ್ಲೇ ಕೂತಳು.

"ಏನ್ ಪುಣ್ಯಾ ಮಾಡೀರಿ ತಾಯಿ, ಇಂಥಾ ಕೂಸಿನ್ನ ಹಡಿಯಾಕ!" ಎಂದಳು. ಆಮೇಲೆ ಅವಳ ಕಣ್ಣು ಬೆಂಚಿನ ತುದಿಗೆ ಹೋಯಿತು. ಅಲ್ಲೇ ನಿಂತಿತು. "ಆ ಹುಡುಗಿ ಯಾರ್ರೀ? ಮಾರೀ ಥೇಟ ಬೇಬಿ ಹಂಗ ಕಾಣತೈತಿ. ಬರೇ ಎಲುಬ ಐತಿ, ಪಾಪ."

ಹಿಂದಿನ ಸಾಲಿನ ಹೆಂಗಸರೂ ಬಗ್ಗಿ ನೋಡಿದರು. ಬಾಳಕ್ಕ ಒಂದು ಮಾತು ಅಂದಿದ್ದರೆ ಸಾಕಿತ್ತು: ನನ್ನ ಮಗಳು. ಆ ಮಾತು ಅವಳ ನಾಲಗೆಯ ತುದಿಗೆ ಬಂದದ್ದೂ ಸುಳ್ಳಲ್ಲ.

"ಆಕೀರಿ? ಕೂಸಿನ್ನ ಹಿಡ್ಯಾಕ ಇಟಗೊಂಡೇವ್ರಿ," ಎಂದಳು. "ದೂರದ ಸಂಬಂಧದಾಕಿ."

"ಬಾಳೀ!" ಎಂದಳು ನಾಗೂಬಾಯಿ. ಮುಂದೆ ಏನೋ ಹೇಳಲಿದ್ದಳು.

ಅಷ್ಟರಲ್ಲಿ ಮಾದೂ ಚೀಲ ಹಿಡಿದೇ ಎದ್ದು ನಿಂತಳು. "ಹೌದ್ರಿ," ಎಂದಳು, ಒಂದು ಅಕ್ಷರ ತಡವರಿಸದೆ. "ನಾ ಇವರ ಮನ್ಯಾಗ ಕೂಸು ಹಿಡೀತೇನ್ರಿ."

"ನಿಮ್ಮವ್ವ, ಅಪ್ಪ?"

"ಇಲ್ರಿ."

ಹೀರಾಬಾಯಿಯ ಕಣ್ಣಲ್ಲಿ ನೀರು ಬಂತು. ತನ್ನ ಮಡಿಲಲ್ಲಿದ್ದ ಭಡಂಗದ ಪೊಟ್ಟಣವನ್ನು, ಖಾರ ಹಚ್ಚಿದ ಮಂಡಕ್ಕಿಯನ್ನು, ಹುಡುಗಿಯ ಕೈಗೆ ಕೊಟ್ಟು, "ತಿನ್ನ ನನ್ನ ಕೂಸ, ಇಲ್ಲೇ ನನ್ನ ಮುಂದ ತಿನ್ನು," ಎಂದಳು. ಮಾದೂ ನಿಂತಲ್ಲೇ ಪೂರಾ ತಿಂದಳು. ದೀಪ ಆರಿತು. ಕತ್ತಲಲ್ಲಿ ಬಾಳಕ್ಕ ಕೈ ಚಾಚಿ ಮಗಳ ತೋಳು ಹುಡುಕಿದಳು. ಹುಡುಗಿ ನಯವಾಗಿ ಪಕ್ಕಕ್ಕೆ ಸರಿದು ತಮ್ಮನ ಬೂಟಿನ ಲಾಡಿ ಕಟ್ಟತೊಡಗಿದಳು.

ಸಿನಿಮಾ ಬಿಟ್ಟ ಮೇಲೆ ನಾಗೂಬಾಯಿಯ ಮನೆಯಲ್ಲಿ ಊಟ. ಈ ಸಲ ಬಾಳಕ್ಕನಿಗೆ ಮೊದಲ ಪಂಕ್ತಿಯಲ್ಲೇ ಮಣೆ ಹಾಕಿದ್ದರು. ಅವಳು ಕೂರಲಿಲ್ಲ. ಹೋಳಿಗೆಯ ಬುಟ್ಟಿ ತಾನೇ ತೆಗೆದುಕೊಂಡು ಮಗಳ ತಾಟಿನ ಮುಂದೆ ಬಂದು ಬಗ್ಗಿದಳು. ಎರಡು ಹಾಕಿದಳು, ಮೇಲೆ ತುಪ್ಪ ಸುರಿದಳು. ಮಾದೂ ತಲೆ ಬಗ್ಗಿಸಿ ಉಂಡಳು.

"ಇನ್ನೊಂದು ಹಾಕಲೇನ ಮಾದೂ? ಎಷ್ಟ ಬೇಕ ಅಷ್ಟ ಉಣ್ಣ ನನ್ನವ್ವ."

"ಸಾಕ್ರಿ, ಬಾಯಾರ," ಎಂದಳು ಮಾದೂ, ಕೆಲಸದವರು ಯಜಮಾನತಿಗೆ ಅನ್ನುವಂತೆ.

ಬಾಳಕ್ಕ ಬುಟ್ಟಿ ಕೆಳಗಿಟ್ಟಳು. "ಇಲ್ಲಿ ಹೊರಗಿನವರು ಯಾರೂ ಇಲ್ಲವ್ವ. ಅವ್ವಾ ಅನ್ನು. ಒಂದ ಸಲಾ ಅನ್ನು."

ಮಾದೂ ಸುತ್ತ ನೋಡಿದಳು. ದೊಡ್ಡಮ್ಮ ನಾಗೂಬಾಯಿ, ಅಪ್ಪ, ಬಾಯಲ್ಲಿ ಹೋಳಿಗೆ ತುಂಬಿಕೊಂಡ ತಮ್ಮ. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ತಾಟಿಗೆ ನೀರು ಹಾಕಿ, ತೊಳೆದು ಕುಡಿದಳು.

"ರೂಢಿ ತಪ್ಪಿದ್ರ ಮಂದಿ ಮುಂದೂ ಅದ ಮಾತು ಬಾಯಿಗೆ ಬರತೈತ್ರಿ," ಎಂದು ತಾಟು ಎತ್ತಿಕೊಂಡು ಆಳುಮಕ್ಕಳು ಕೂರುವ ಹಿತ್ತಲ ಬಾಗಿಲ ಕಡೆ ಹೋದಳು.